ಎಕ್ಸಿಬಿಷನ್ನಿಗೆ ಒಯ್ದ ರೊಟ್ಟಿ

ಮೊನ್ನೆ ನಿಮ್ಮಲ್ಲಿ ಸಣ್ಣಾಕೆ ಶಾಲೆಯಿಂದ ಬಂದವಳೇ ಚೀಲ ಬಿಸಾಕಿ, ತಮ್ಮ ಶಾಲೆಯಲ್ಲಿ ಎಕ್ಸಿಬಿಷನ್ ಇದೆ, ಹತ್ತು ಕಡಕ್ ರೊಟ್ಟಿ ಮಾಡಿಕೊಡು, ತಿನ್ನಲಿಕ್ಕಲ್ಲ, ಬರೇ ತೋರಿಸಲಿಕ್ಕೆ ಎಂದಳು. ನನಗೆ ನಗು ತಡೆಯಲಾಗಲಿಲ್ಲ. ಯಾಕೆ ನಗುತ್ತೀ ಎಂದು ನೀವೆಲ್ಲ ನನ್ನ ಸುತ್ತ ಕೂತಿರಿ. ನಾಲ್ಕು ಮಂದಿ ಮುಖ ನೋಡುತ್ತ ಕೂತರೆ ಸಾಕು, ಅವರು ನನ್ನ ಮೊಮ್ಮಕ್ಕಳೇ ಆಗಿರಲಿ, ನನಗೆ ಮಾತು ಗಂಟಲಲ್ಲೇ ಕೂತುಬಿಡುತ್ತದೆ. ಅದಕ್ಕೇ ಎದ್ದು ಒಲೆಯ ಕಡೆ ಹೋದೆ. ಬರೆಯುವುದಾದರೆ ನನಗೆ ಬರುತ್ತದೆ, ಹೇಳಲಾರದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಊರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದ್ದೇನೆ. ಲೆಕ್ಕದಲ್ಲಿ ಸೊನ್ನೆ, ಅಕ್ಷರ ಮಾತ್ರ ಬಲು ದುಂಡಗೆ. ಹಿಂದೊಮ್ಮೆ ನಾನು ರೊಟ್ಟಿ ಒಯ್ದ ಎಕ್ಸಿಬಿಷನ್ನಿನಲ್ಲಿ ನಡೆದ ಅನಾಹುತಕ್ಕೆ ಆ ದುಂಡನೆಯ ಅಕ್ಷರವೂ ಒಂದು ಕಾರಣ.

ಎಕ್ಸಿಬಿಷನ್ ಎಂಬ ಮಾತು ನಮ್ಮೂರಿಗೆ ಬಂದದ್ದು ಸಿಂಧನೂರಿನಿಂದ. ಕಾಲುವೆ ನೀರು ಬಂದು, ಭತ್ತದ ಗಿರಣಿಗಳು ಎದ್ದ ಮೇಲೆ ಅಲ್ಲಿ ಆಗಾಗ ಮೈದಾನಕ್ಕೆ ತಗಡಿನ ಬೇಲಿ ಹಾಕಿ ಎಕ್ಸಿಬಿಷನ್ ಇಡುತ್ತಿದ್ದರು. ಮುಗಿಲೆತ್ತರದ ತೊಟ್ಟಿಲು, ಬಾವಿಯಂಥ ಕಟ್ಟಿಗೆಯ ಗೋಡೆಯ ಮೇಲೆ ಮೋಟರ್ ಸೈಕಲ್ ಓಡಿಸುವವನು, ತರತರದ ಕನ್ನಡಿಗಳ ಮನೆ. ನಿಮ್ಮ ಅಜ್ಜ ಒಮ್ಮೆ ನೋಡಿ ಬಂದು ಆರು ತಿಂಗಳು ಅದನ್ನೇ ಹೇಳಿದರು. ಅವರಿಗೆ ತೊಟ್ಟಿಲೂ ಬೇಕಾಗಿರಲಿಲ್ಲ, ಮೋಟರ್ ಸೈಕಲ್ಲೂ ಬೇಕಾಗಿರಲಿಲ್ಲ. ಒಂದು ಕನ್ನಡಿಯಲ್ಲಿ ಅವರ ಕಡ್ಡಿಯಂಥ ಮೈ ಸಾಹುಕಾರರ ಮೈಯಂತೆ ಕಂಡಿತಂತೆ. ಹೊರಗೆ ಹೋಗು ಎಂದು ಕಾವಲಿನವನು ಎರಡು ಸಲ ಹೇಳುವವರೆಗೂ ಅದರ ಮುಂದೆಯೇ ನಿಂತಿದ್ದರಂತೆ.

ಅವರು ತಂದ ಮಾತನ್ನು ನಮ್ಮ ಅತ್ತೆ ತಕ್ಷಣ ಕೆಲಸಕ್ಕೆ ಹಚ್ಚಿದರು. ಎಕ್ಸಿಬಿಷನ್ ಎಂದರೆ ಮಂದಿಗೆ ಕಾಣುವಂತೆ ಹರವುವುದು ಎಂಬಷ್ಟು ಅವರಿಗೆ ತಿಳಿದಿತ್ತು, ಬೈಯಲಿಕ್ಕೆ ಅಷ್ಟು ಸಾಕು. ನಾನು ಬೀದಿಯ ಕಡೆ ಸೀರೆ ಒಣಹಾಕಿದರೆ ಎಕ್ಸಿಬಿಷನ್. ತೊಳೆದ ಪಾತ್ರೆ ಕಟ್ಟೆಯ ಮೇಲೆ ಬಿಟ್ಟರೆ ಎಕ್ಸಿಬಿಷನ್. ಆಗ ಮೂರು ವರ್ಷದವನಿದ್ದ ನಿಮ್ಮ ಅಪ್ಪ ಸ್ನಾನ ಮಾಡಿಸುವಾಗ ಕೈ ತಪ್ಪಿಸಿಕೊಂಡು ಹುಟ್ಟಿದ ಮೈಯಲ್ಲಿ ಬೀದಿಗೆ ಓಡಿದರೆ ಅದಂತೂ ದೊಡ್ಡ ಎಕ್ಸಿಬಿಷನ್. ಅವನನ್ನು ಕೇಳಿ ನೋಡಿ, ಒಪ್ಪುವುದಿಲ್ಲ.

ಇನ್ನು ರೊಟ್ಟಿಯ ವಿಷಯ. ನನ್ನ ತವರು ಸಿಂಧನೂರು ಕಡೆಯ ಕಾಲುವೆ ಊರು. ನಾನು ಬುದ್ಧಿ ತಿಳಿದಾಗಿನಿಂದ ಅನ್ನ ಉಂಡವಳು. ಕೊಟ್ಟದ್ದು ಮಸ್ಕಿ ಕಡೆಯ ಎರೆಹೊಲದ ಊರಿಗೆ. ಇಲ್ಲಿ ಬಿಳಿಜೋಳ ಬಿಟ್ಟರೆ ದೇವರಿಲ್ಲ. ನಾನು ಬಂದ ಮೊದಲ ದಿನ ಬಡಿದ ರೊಟ್ಟಿಯನ್ನು ಅತ್ತೆ ಬೆಳಕಿಗೆ ಹಿಡಿದು ನೋಡಿ, ಇದಕ್ಕೆ ಗೂಟ ಹಾಕಿದರೆ ಬೀಸುವ ಕಲ್ಲಾಗುತ್ತದೆ ಎಂದಿದ್ದರು. ಬರಬರುತ್ತ ಕೈ ತಿರುಗಿತು. ಮನೆಯವರೆಲ್ಲ ನನ್ನ ರೊಟ್ಟಿಯನ್ನೇ ತಿನ್ನುತ್ತಿದ್ದರು. ಆದರೆ ಹೊರಗಿನವರು ಯಾರೇ ಬರಲಿ, ಬೀಗರಾಗಲಿ, ಬಳೆಗಾರನಾಗಲಿ, ಅತ್ತೆ ನನ್ನನ್ನು ಒಲೆಯ ಮುಂದಿಂದ ಎಬ್ಬಿಸಿ ತಾವೇ ಹಂಚಿನ ಮುಂದೆ ಕೂಡುತ್ತಿದ್ದರು. ಅನ್ನದ ಸೀಮೆಯವಳ ರೊಟ್ಟಿ ಮನೆಯೊಳಗೆ ಸರಿ, ಮಂದಿಯ ಮುಂದೆ ಇಡುವಂಥದ್ದಲ್ಲ ಎಂಬುದು ಅವರ ತೀರ್ಮಾನ. ಎಂಟು ವರ್ಷ ಹೀಗೆ ನಡೆಯಿತು. ಎದ್ದೇಳು ಎಂದಾಗಲೆಲ್ಲ ನಾನು ಎದ್ದೆ. ನನಗೆ ಸೀರೆ ಬೇಡ, ಬಂಗಾರ ಬೇಡ, ಒಮ್ಮೆ ಹೊರಗಿನ ಮನುಷ್ಯನೊಬ್ಬ ನನ್ನ ರೊಟ್ಟಿ ಮುರಿಯುವುದನ್ನು ನೋಡಬೇಕಾಗಿತ್ತು. ಅದನ್ನು ಬಾಯಿಬಿಟ್ಟು ಕೇಳುವ ಧೈರ್ಯ ನನಗೆಲ್ಲಿಯದು.

ಅತ್ತೆಯದು ಇನ್ನೊಂದು ಕಟ್ಟಳೆ ಇತ್ತು. ರೊಟ್ಟಿ ಬಡಿಯುವಾಗ ಯಾರಾದರೂ ಬಂದು ನೋಡಿದರೆ ಅವರಿಗೆ ಅರ್ಧವಾದರೂ ಕೊಡಬೇಕು. ನೋಡಿದ ಕಣ್ಣಿಗೆ ತುತ್ತು ಹಾಕದೆ ಕಳಿಸಿದರೆ ಮುಂದಿನ ರೊಟ್ಟಿ ಹಂಚಿಗೆ ಹತ್ತುತ್ತದೆ. ಇದನ್ನು ನನಗೆ ಎಷ್ಟು ಸಲ ಹೇಳಿದ್ದರೆಂದರೆ, ಬಾಗಿಲಲ್ಲಿ ಬೆಕ್ಕು ಬಂದು ನಿಂತರೂ ನನ್ನ ಕೈ ತಾನಾಗಿ ಒಂದು ಚೂರು ಮುರಿಯುತ್ತಿತ್ತು.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ದಿನಗಳು ಅವು. ನಮ್ಮೂರಲ್ಲಿ ಒಂದು ಮಹಿಳಾ ಮಂಡಳಿ ಮಾಡಿದ್ದರು. ಅದನ್ನು ನೋಡಿಕೊಳ್ಳಲು ಸರ್ಕಾರದಿಂದ ಒಬ್ಬ ಹೆಣ್ಣುಮಗಳು ಮಸ್ಕಿಯಿಂದ ಬರುತ್ತಿದ್ದರು. ನಾವೆಲ್ಲ ಅವರಿಗೆ ಬಾಯೇರು ಎನ್ನುತ್ತಿದ್ದೆವು. ಒಂದು ದಿನ ಬಾಯೇರು ಬಂದು, ಲಿಂಗಸುಗೂರಿನಲ್ಲಿ ತಾಲೂಕಿನ ಹೆಣ್ಣುಮಕ್ಕಳದು ಎಕ್ಸಿಬಿಷನ್ ಇದೆ, ನಿಮ್ಮ ಮನೆಯ ರೊಟ್ಟಿ ಇಡಬೇಕು, ಚೆನ್ನಾಗಿದ್ದರೆ ಇನಾಮು ಇದೆ ಎಂದರು. ತೊಟ್ಟಿಲಿನ ಪಕ್ಕದಲ್ಲಿ ರೊಟ್ಟಿಗೇನು ಕೆಲಸ ಎಂದು ಅತ್ತೆ ಕೇಳಿದರು. ತೊಟ್ಟಿಲು ಗಿಟ್ಟಿಲು ಇರುವುದಿಲ್ಲ ಎಂದು ಬಾಯೇರು ಆ ಮಾತಿನ ಅರ್ಥ ಬಿಡಿಸಿದರು.

"ಎಕ್ಸಿಬಿಷನ್ ಅಂದ್ರ ನೋಡೋದ್ರಿ ಯಮ್ಮಾ. ಮುಟ್ಟಂಗಿಲ್ಲ, ತಿನ್ನಂಗಿಲ್ಲ. ಸಾಹೇಬ್ರು ಬರ್ತಾರ, ನೋಡ್ತಾರ, ನಂಬರ್ ಹಾಕ್ತಾರ."

"ತಿನ್ನಂಗಿಲ್ಲ ಅಂದ್ರ ಅದು ರೊಟ್ಟಿ ಹೆಂಗಾತು? ರೊಟ್ಟಿ ಏನು ಮದಿಮಗಳೇನವ್ವಾ, ಕುಂದ್ರಿಸಿ ತೋರಸಾಕ?"

ಹೀಗೆ ಅಂದರೂ, ಪಕ್ಕದ ಊರಿನವರೂ ರೊಟ್ಟಿ ತರಬಹುದು ಎಂದು ಬಾಯೇರು ಮೆಲ್ಲಗೆ ಹೇಳಿದ ಮೇಲೆ ಅತ್ತೆ ಮರುದಿನವೇ ಜೋಳ ಹಸನು ಮಾಡಲು ಕೂತರು. ಎರಡು ದಿನ ನನ್ನನ್ನು ಒಲೆಯ ಹತ್ತಿರ ಬಿಡಲಿಲ್ಲ. ಹಪ್ಪಳದಷ್ಟು ತೆಳ್ಳಗೆ, ಹುಣ್ಣಿಮೆಯಷ್ಟು ದುಂಡಗೆ ಮೂವತ್ತು ರೊಟ್ಟಿ ಬಡಿದು ಗರಿಗರಿಯಾಗಿ ಒಣಗಿಸಿದರು. ಜೊತೆಗೆ ನಂಚಿಕೊಳ್ಳಲು ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಎಂಬ ಪುಡಿಗಳು, ಕೆಂಪು ಮೆಣಸಿನಕಾಯಿ ಚಟ್ನಿ. ಆದರೆ ಅವರು ಬಸ್ಸು ಹತ್ತುವವರಲ್ಲ. ಬಸ್ಸಿನ ಎಣ್ಣೆಯ ವಾಸನೆಗೇ ವಾಂತಿ ಶುರುವಾಗುತ್ತಿತ್ತು. ರೊಟ್ಟಿಯ ಜೊತೆ ನಾನೇ ಹೋಗಬೇಕಾಯಿತು. ಮೂವತ್ತು ಒಯ್ದು ಮೂವತ್ತೂ ತಿರುಗಿ ತರಬೇಕು ಎಂದು ಅತ್ತೆ ಕಟ್ಟಪ್ಪಣೆ ಮಾಡಿದರು.

ಹೊರಡುವ ದಿನ ಅವರು ಹಿತ್ತಲಿಗೆ ಹೋದಾಗ ನಾನು ಒಂದು ಕಳ್ಳ ಕೆಲಸ ಮಾಡಿದೆ. ಹಿಂದಿನ ವಾರ ಮನೆಗೆಂದು ನಾನು ಬಡಿದಿಟ್ಟ ಕಡಕ್ ರೊಟ್ಟಿಯಲ್ಲಿ ಹನ್ನೊಂದನ್ನು ಆರಿಸಿ, ಬಟ್ಟೆಯಲ್ಲಿ ಸುತ್ತಿ ಬುಟ್ಟಿಯ ತಳಕ್ಕೆ ಇಟ್ಟು, ಮೇಲೆ ಅತ್ತೆಯ ಮೂವತ್ತನ್ನು ಜೋಡಿಸಿದೆ. ಯಾರಾದರೂ ನೋಡಿದ್ದರೆ ಗುಡಿಯ ಹುಂಡಿ ಒಡೆದೆನೆಂದೇ ತಿಳಿಯುತ್ತಿದ್ದರು.

ಬಾಯೇರು ಮತ್ತು ನಾನು ಮಸ್ಕಿಗೆ ಬಂದು ಲಿಂಗಸುಗೂರಿನ ಬಸ್ಸು ಹಿಡಿದೆವು. ದಾರಿಯಲ್ಲಿ ಅವರು, ಬಂದವರಿಗೆಲ್ಲ ಇದು ಏನು, ಹೇಗೆ ಮಾಡಿದ್ದು ಎಂದು ನೀನೇ ನಿಂತು ಹೇಳಬೇಕು ಎಂದರು. ನನಗೆ ಬಸ್ಸಿನಿಂದ ಜಿಗಿದುಬಿಡೋಣ ಅನ್ನಿಸಿತು. ಹೇಳಲಾರೆ, ಬೇಕಾದರೆ ಬರೆದು ಇಡುತ್ತೇನೆ ಎಂದೆ. ಅವರ ಚೀಲದಲ್ಲಿ ಕೆಂಪು ಶಾಯಿ ಇತ್ತು. ಬೋರ್ಡಾಗಲಿ ಎಂದು ಹಳೆಯ ಕ್ಯಾಲೆಂಡರಿನ ರಟ್ಟಿನ ಹಿಂಬದಿಗೆ ಮೇಲೆ "ಬಿಳಿಜೋಳದ ಕಡಕ್ ರೊಟ್ಟಿ" ಎಂದೂ, ಕೆಳಗೆ ಅವರು ಹೇಳಿದಂತೆ "ದಯವಿಟ್ಟು ಯಾರೂ ಮುಟ್ಟಬಾರದು" ಎಂದೂ ದೊಡ್ಡದಾಗಿ ಬರೆದೆ. ಜಾಗ ಉಳಿಯಿತೆಂದು ಎರಡೂ ಬದಿಗೆ ಒಂದೊಂದು ಹೂವು, ಬಳ್ಳಿ ಬಿಡಿಸಿದೆ. ಬಾಯೇರಿಗೆ ಬಹಳ ಸೇರಿತು.

ಒಂದು ಶಾಲೆಯ ಬಯಲಲ್ಲಿ ಶಾಮಿಯಾನ ಹಾಕಿ, ಬೆಂಚುಗಳ ಮೇಲೆ ಬಿಳಿ ಚಾದರ ಹಾಸಿದ್ದರು. ನನ್ನ ಎಡಕ್ಕೆ ಒಬ್ಬಾಕೆ ಮಣಿಯ ಗಿಳಿಗಳನ್ನು ಇಟ್ಟುಕೊಂಡು ಕೂತಿದ್ದಳು. ಅವಳ ಕೈಯಲ್ಲಿ ಬೆತ್ತ ಇತ್ತು, ಯಾರು ಬಗ್ಗಿದರೂ ಅದು ಏಳುತ್ತಿತ್ತು. ಬಲಕ್ಕೆ ಕಾಲುವೆ ಸೀಮೆಯಿಂದ ಬಂದ ಒಂದು ಕುಂಬಳಕಾಯಿ. ಅದಕ್ಕೆ ಕುಂಕುಮ ಹಚ್ಚಿ ಕೂಡಿಸಿದ್ದರು, ನಮ್ಮ ನಿಮ್ಮಂಥವರಿಗಿಂತ ಠೀವಿಯಿಂದ ಕೂತಿತ್ತು. ಎದುರಿಗೆ ಹೊಗೆ ಬಾರದ ಒಲೆ. ಅದಕ್ಕೆ ಬೆಂಕಿಯನ್ನೇ ಹಾಕಿರಲಿಲ್ಲ, ಹೊಗೆ ಎಲ್ಲಿಂದ ಬರಬೇಕು. ಬಾಯೇರು ನನ್ನನ್ನು ಕೂಡಿಸಿ, ಸಾಹೇಬರನ್ನು ಕರೆತರುತ್ತೇನೆಂದು ಹೋದರು. ನಾನು ಅತ್ತೆಯ ಮೂವತ್ತನ್ನು ಗೋಪುರದಂತೆ ಪೇರಿಸಿ, ಯಾರೂ ಇಲ್ಲದ್ದು ನೋಡಿ ನನ್ನ ಹನ್ನೊಂದನ್ನು ಸಣ್ಣ ತಾಟಿನಲ್ಲಿ ಅದರ ಮುಂದೆ ಇಟ್ಟೆ. ಬೋರ್ಡನ್ನು ಆನಿಸಿ ನಿಲ್ಲಿಸಿ, ಸೆರಗು ಮುಂದಕ್ಕೆ ಎಳೆದುಕೊಂಡು ಅದರ ಹಿಂದೆ ಕೂತೆ.

ಸುಮಾರು ಹೊತ್ತು ಸುಖವಾಗಿತ್ತು. ಮಂದಿ ಬಂದರು, ನೋಡಿದರು, ಹೋದರು. ಆಮೇಲೆ ಒಬ್ಬ ಮುದುಕಪ್ಪ ಬಂದು ನಿಂತ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ನೋಡಿದರೇ ಕುರಿ ಕಾಯುವವನೆಂದು ತಿಳಿಯುತ್ತಿತ್ತು. ಕುಂಬಳಕಾಯಿಯ ಮೇಲೆ ಒಮ್ಮೆ ಕಣ್ಣಾಡಿಸಿ ಬಿಟ್ಟವನು ರೊಟ್ಟಿಯ ಮುಂದೆ ನಿಂತೇಬಿಟ್ಟ. ಒಂದು ಕಾಲಿನ ಭಾರ ಇನ್ನೊಂದು ಕಾಲಿಗೆ ಹಾಕುತ್ತ ನೋಡಿದ. ಅತ್ತೆಯ ಕಟ್ಟಳೆ ನೆನಪಾಗಿ ನನ್ನ ಕೈಬೆರಳು ಚುರುಗುಟ್ಟತೊಡಗಿದವು. ಕೈ ಎರಡನ್ನೂ ಸೆರಗಿನೊಳಗೆ ಹುದುಗಿಸಿಕೊಂಡೆ. ಆಗ ಅವನು ಬೋರ್ಡಿಗೆ ಕೋಲು ತೋರಿಸಿದ.

"ಹೂವು ಬಳ್ಳಿ ತೆಗದೀರಿ ಅಂದ್ರ ಏನೋ ಚಲೋ ಮಾತೇ ಬರದಿರಬೇಕು. ಏನು ಬರದೈತಿ ತಂಗಿ?"

ಮಕ್ಕಳೇ, ನೀವೇ ಹೇಳಿ. ರೊಟ್ಟಿಯನ್ನು ಮುಂದಿಟ್ಟುಕೊಂಡು, ಅಪ್ಪನ ವಯಸ್ಸಿನ ಮನುಷ್ಯನ ಮುಖ ನೋಡಿ, ಮುಟ್ಟಬೇಡ ಎನ್ನುವುದು ಹೇಗೆ? ನಮ್ಮ ಸೀಮೆಯಲ್ಲಿ ಅದು ಬಹಳ ಕೆಟ್ಟ ಮಾತು. ಅದನ್ನು ಕೇಳಿ ಕೇಳಿ ನೊಂದ ಮಂದಿ ಎಷ್ಟೋ ಇದ್ದಾರೆ. ಬರೆಯುವಾಗ ನನಗೆ ಹೊಳೆದಿರಲಿಲ್ಲ, ಅಕ್ಷರ ದುಂಡಗೆ ಬರಲಿ ಎಂಬುದಷ್ಟೇ ತಲೆಯಲ್ಲಿತ್ತು. ಓದು ಎಂದಾಗ ನನ್ನ ನಾಲಿಗೆ ಹೊರಳಲಿಲ್ಲ. ಹೊರಳಿದಾಗ ಬೇರೆಯೇ ಹೊರಳಿತು.

"ಉಂಡು ಹೋಗ್ರಿ ಅಂತ ಬರದೈತ್ರಿ" ಎಂದೆ.

ಅವನು ಅಲ್ಲೇ ನೆಲಕ್ಕೆ ಕೂತ, ಪದ್ಧತಿಯಂತೆ ಕಂಬಳಿ ಹಾಸಿಕೊಂಡು. ನಾನು ನನ್ನ ತಾಟಿನಿಂದ ಒಂದು ರೊಟ್ಟಿ ತೆಗೆದು, ಮೇಲೆ ಹಿಂಡಿ ಹಾಕಿ ಕೊಟ್ಟೆ. ಅತ್ತೆಯವು ಲೆಕ್ಕದವು, ಅವುಗಳ ತಂಟೆಗೆ ಹೋಗಲಿಲ್ಲ. ಅವನು ಮುರಿದ. ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಬಾಯಿಗೆ ಹಾಕಿಕೊಂಡು ಮೆಲ್ಲಗೆ ಅಗಿದ. ಅವನಿಗೆ ಇದ್ದದ್ದು ನಾಲ್ಕೇ ಹಲ್ಲು, ಆದ್ದರಿಂದ ಬಹಳ ಹೊತ್ತು ಹಿಡಿಯಿತು. ಮಣಿಯ ಗಿಳಿಯವಳು ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡುತ್ತಿದ್ದಳು. ನುಂಗಿದ ಮೇಲೆ ಅವನು ಏನೂ ಅನ್ನದೆ ಇನ್ನೊಂದಕ್ಕೆ ಕೈ ಚಾಚಿದ. ಎರಡನೆಯದು ಮುಗಿಸಿ, ಊರು ಯಾವುದು, ತವರು ಯಾವುದು ಎಂದು ಕೇಳಿದ. ನಮ್ಮೂರ ಹೆಸರು ಹೇಳಿ, ತವರು ಸಿಂಧನೂರು ಕಡೆ ಎಂದೆ.

"ಅನ್ನದ ಸೀಮ್ಯಾಕಿ ಬಡದದ್ದಾ ಇದು? ತಿಂದ್ರ ಗೊತ್ತಾಗಲ್ಲ ಬಿಡು."

ಸೆರಗಿನೊಳಗೆ ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಮುದುಕಪ್ಪ ಒಬ್ಬನೇ ಬಂದಿರಲಿಲ್ಲ. ಗುರುಗುಂಟಾದಿಂದ ಕುರಿ ವ್ಯಾಪಾರಕ್ಕೆ ಬಂದವರು ಐದಾರು ಮಂದಿ ಬಯಲಿನ ಬೇವಿನ ಗಿಡದ ಕೆಳಗೆ ಕೂತಿದ್ದರು. ಅವನು ಕೂತಲ್ಲಿಂದಲೇ ಕೂಗಿ ಕರೆದ. ಅವರು ಬಂದರು. ಅವರು ಉಣ್ಣುವುದನ್ನು ನೋಡಿ ಇನ್ನಷ್ಟು ಮಂದಿ ಬಂದರು. ನನ್ನ ಹನ್ನೊಂದು ಮುಗಿದವು. ಮುಂದೆ ಕೂತವರು ನೋಡುತ್ತಿದ್ದಾರೆ, ಹಿಂದೆ ಗೋಪುರ ಕಾಣುತ್ತಿದೆ. ಇಲ್ಲ ಎನ್ನುವುದು ಹೇಗೆ? ಅತ್ತೆಯವನ್ನು ಮೊದಲು ಎಣಿಸಿ ಎಣಿಸಿ ತೆಗೆದೆ, ಐದನೆಯದಕ್ಕೆ ಎಣಿಕೆ ಬಿಟ್ಟೆ. ಆಮೇಲೆ ಮನೆಯಲ್ಲಿ ಬಡಿಸುವ ಹಾಗೇ ಬಡಿಸಿದೆ, ಖಾರ ಹೆಚ್ಚಾಯಿತೇ ಎಂದು ಕೇಳುವಷ್ಟು ಧೈರ್ಯವೂ ಬಂತು. ಹೊರಗಿನವರೊಡನೆ ನಾನು ಅಷ್ಟು ಮಾತಾಡಿದ್ದು ಅದೇ ಮೊದಲು.

ನಡುವೆ ಪ್ಯಾಂಟು ಹಾಕಿಕೊಂಡ ಒಬ್ಬ ಗುಮಾಸ್ತ ಬಂದು, ಬೋರ್ಡು ಓದಿ, ಯಾರೂ ಮುಟ್ಟಬಾರದು ಎಂದು ಬರೆದಿದೆಯಲ್ಲ, ನೀವೆಲ್ಲ ಏನು ಮಾಡುತ್ತಿದ್ದೀರಿ ಎಂದು ಗದರಿಸಿದ. ಮುದುಕಪ್ಪ ಬಾಯೊಳಗಿನದ್ದನ್ನು ನುಂಗಿ ತಲೆ ಎತ್ತಿದ.

"ಬರದಾಕಿನೇ ಓದಿ ಹೇಳ್ಯಾಳ. ನಡುವ ನೀ ಯಾರಲೇ?"

ಗುಮಾಸ್ತ ನನ್ನ ಕಡೆ ನೋಡಿದ. ನಾನು ಬೋರ್ಡಿನ ಕಡೆ ನೋಡಿದೆ. ಬೋರ್ಡು ಯಾರ ಪರವಾಗಿಯೂ ಮಾತಾಡಲಿಲ್ಲ. ಅವನು ಇನ್ನೊಮ್ಮೆ ಓದಿಕೊಂಡು, ತಲೆ ಕೆರೆದುಕೊಂಡು, ಕೊನೆಗೆ ತಾನೂ ಒಂದು ರೊಟ್ಟಿ ಇಸಿದುಕೊಂಡು ಹೊಗೆ ಬಾರದ ಒಲೆಯ ಹಿಂದೆ ನಿಂತು ತಿಂದ. ಮಣಿಯ ಗಿಳಿಯವಳೂ ಬೆತ್ತವನ್ನು ಬಗಲಲ್ಲಿ ಇರಿಸಿಕೊಂಡು ಬಂದಳು. ಶೇಂಗಾ ಹಿಂಡಿ ಎರಡು ಸಲ ಕೇಳಿದಳು.

ಬಾಯೇರು ಸಾಹೇಬರನ್ನು ಕರೆದುಕೊಂಡು ಬಂದಾಗ ಚಾದರದ ಮೇಲೆ ಬೋರ್ಡು, ಖಾಲಿ ತಾಟು, ಕೆಂಪು ಚಟ್ನಿಯ ಕಲೆ ಇಷ್ಟೇ ಉಳಿದಿದ್ದವು. ಸಾಹೇಬರು ಕನ್ನಡಕ ಏರಿಸಿ ಬೋರ್ಡು ಓದಿದರು. ನಿಮ್ಮ ವಸ್ತು ಎಲ್ಲಿ ಎಂದು ಕೇಳಿದರು. ನನ್ನ ಧೈರ್ಯವೆಲ್ಲ ರೊಟ್ಟಿಯ ಜೊತೆಗೇ ಮುಗಿದಿತ್ತು. ಮುದುಕಪ್ಪ ಎದ್ದು ನಿಂತು ಸಾಹೇಬರಿಗೆ ಕೈಮುಗಿದು, ತಡಾ ಮಾಡಿದಿರಿ, ನೋಡುವಂಥದ್ದೆಲ್ಲ ಆಗಿಹೋಯಿತು ಎಂದು ಹೊಟ್ಟೆ ಸವರಿಕೊಂಡ. ಸಾಹೇಬರ ತುಟಿ ಸ್ವಲ್ಪ ಅಲುಗಿದಂತೆ ಕಂಡಿತು. ಪಕ್ಕದವರು ಕಾಗದ ಹಿಡಿದು, ಎಷ್ಟು ನಂಬರ್ ಹಾಕಲಿ ಎಂದರು. ಇಲ್ಲದ್ದಕ್ಕೆ ಹೇಗೆ ಹಾಕುವುದು ಎಂದು ಸಾಹೇಬರು ಮುಂದೆ ಹೋದರು. ಇನಾಮು ಕುಂಬಳಕಾಯಿಗೆ ಬಂತು.

ಬಸ್ಸಿನಲ್ಲಿ ಬಾಯೇರು ನನ್ನ ಕಡೆ ಬೆನ್ನು ಮಾಡಿ ಕೂತರು. ಅರ್ಧ ದಾರಿ ಆದ ಮೇಲೆ, ಕಿಟಕಿಯ ಕಡೆ ಮುಖ ಮಾಡಿಯೇ, ಬೆಳಗಿನಿಂದ ತಾವು ಏನೂ ತಿಂದಿಲ್ಲ, ಒಂದಾದರೂ ಉಳಿಸಬಾರದಾಗಿತ್ತೇ ಎಂದರು. ಬುಟ್ಟಿಯ ತಳದ ಪುಡಿಯನ್ನು ಕೂಡಿಸಿ ಕೊಟ್ಟೆ. ತಿಂದರು.

ಮನೆಯಲ್ಲಿ ಅತ್ತೆ ಕಟ್ಟೆಯ ಮೇಲೆ ಕಾದಿದ್ದರು. ಬುಟ್ಟಿಯನ್ನು ಎತ್ತಿ, ಹಗುರ ನೋಡಿ, ಕೆಳಗಿಟ್ಟರು. ನನ್ನ ಹನ್ನೊಂದರ ಮಾತೊಂದು ಬಿಟ್ಟು ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ. ನೋಡಿದ ಕಣ್ಣಿಗೆ ತುತ್ತು ಹಾಕಬೇಕೆಂದು ನೀವೇ ಕಲಿಸಿದ್ದಲ್ಲವೇ ಎಂದು ಕೊನೆಗೆ ಸೇರಿಸಿದೆ. ಅತ್ತೆ ಬುಟ್ಟಿಯೊಳಗೆ ಇನ್ನೊಮ್ಮೆ ಬಗ್ಗಿ ನೋಡಿದರು.

"ನನ್ನವು ಮೂವತ್ತೂ ಹೋದ್ವು?"

"ಹೂಂ ರೀ ಅತ್ತಿ."

"ತಳದಾಗಿದ್ದ ನಿನ್ನವು ಹನ್ನೊಂದು?"

ಹಿತ್ತಲಿಗೆ ಹೋದವರು ನೋಡಿಯೇ ಇದ್ದರು, ನೋಡಿಯೂ ಬಿಟ್ಟಿದ್ದರು.

"ಮೊದಲು ಅವೇ ಹೋದ್ವು ರೀ" ಎಂದೆ.

ಉಂಡವರಿಗೆ ಹಲ್ಲು ಇದ್ದವೇ ಎಂದು ಕೇಳಿದರು. ಒಬ್ಬ ಮುತ್ಯಾಗೆ ನಾಲ್ಕು ಇದ್ದವು ಎಂದೆ. ಹೋಗುವಾಗಲೂ ನಾಲ್ಕೇ ಇದ್ದವೇ ಎಂದರು. ನಿಮ್ಮ ಅಜ್ಜ ಒಳಗಿನಿಂದ ನಕ್ಕ ಸದ್ದು ಕೇಳಿಸಿತು. ಅತ್ತೆ ನಗಲಿಲ್ಲ. ಮರುದಿನ ಬಳೆಗಾರ ಬಂದಾಗ ಎಂದಿನಂತೆ ನನ್ನನ್ನು ಎಬ್ಬಿಸಿ ತಾವೇ ಹಂಚಿನ ಮುಂದೆ ಕೂತರು.

ಒಂದು ತಿಂಗಳು ಕಳೆದಿರಬೇಕು. ಹೊಲಗಳಲ್ಲಿ ಸುಗ್ಗಿ ಮುಗಿದು ಕುರಿಯವರು ಮಂದೆ ಬಿಡಲು ನಮ್ಮೂರ ಕಡೆ ಬಂದರು. ಆ ಮುದುಕಪ್ಪ ಬೀಡಿ ಸೇದುತ್ತ ಬೀದಿಯಲ್ಲಿ ಮನೆ ಮನೆ ಕೇಳಿಕೊಂಡು ಬಂದಿದ್ದ: ಉಂಡು ಹೋಗ್ರಿ ಅಂತ ಬೋರ್ಡು ಇಟ್ಟ ಮನೆ ಎಲ್ಲಿದೆ ಎಂದು. ಊರಿನವರಿಗೆ ಅಷ್ಟು ಹೊತ್ತಿಗೆ ಕಥೆ ಗೊತ್ತಿತ್ತು, ನೇರವಾಗಿ ನಮ್ಮ ಮನೆಗೆ ತಂದು ಬಿಟ್ಟರು. ನಾನು ರೊಟ್ಟಿ ಬಡಿಯುತ್ತಿದ್ದೆ. ಅವನ ದನಿ ಕೇಳಿ ಅಭ್ಯಾಸದಂತೆ ಹಿಟ್ಟಿನ ಕೈ ಒರೆಸಿಕೊಂಡು ಏಳಲು ಹೋದೆ. ಅತ್ತೆ ಬಾಗಿಲಲ್ಲಿ ನಿಂತು ಅವನನ್ನು ಮೇಲಿಂದ ಕೆಳಗೆ ನೋಡಿ, ಎಕ್ಸಿಬಿಷನ್ ಮುಗಿಸಿದವನು ನೀನೇ ಏನು ಎಂದು ಕೇಳಿದರು. ನಾನೇ ಎಂದು ಅವನು ಚಾಪೆಯ ಮೇಲೆ ಕೂತ.

ಅತ್ತೆ ಒಳಗೆ ಬಂದರು. ನಾನು ಜಾಗ ಬಿಡಲು ಅರ್ಧ ಎದ್ದಿದ್ದೆ. ಅವರು ನನ್ನ ಹೆಗಲಿನ ಮೇಲೆ ಕೈಯಿಟ್ಟು ಒತ್ತಿ ಕೂಡಿಸಿದರು.

"ಎಲ್ಲಿ ಏಳ್ತೀ? ಮುತ್ಯಾ ನಿನ್ನ ರೊಟ್ಟಿ ಹುಡುಕ್ಕೊಂಡು ಬಂದಾನ. ತೆಳ್ಳಗ ಬಡಿ, ಆತನ ನಾಕ ಹಲ್ಲು ನಮ್ಮ ಮ್ಯಾಲ ಬರಬಾರದು."

ಹೀಗೆಂದು ಅವರು ತಾಟು ತೆಗೆದುಕೊಂಡು ಬಡಿಸಲು ಹೋದರು. ನಾನು ಬಡಿದೆ, ಅವರು ಒಂದೊಂದಾಗಿ ಒಯ್ದರು. ನಾಲ್ಕನೆಯದಕ್ಕೆ ಬಂದಾಗ, ಇನ್ನೆರಡು ಬೇಕಂತೆ ಎಂದರು, ಏನೋ ತಮ್ಮದೇ ತಪ್ಪು ಎಂಬಂತೆ. ಆವತ್ತಿನಿಂದ ನಮ್ಮ ಮನೆಯಲ್ಲಿ ಬುಟ್ಟಿ ತಳ ಕಂಡರೆ ಖಾಲಿಯಾಯಿತು ಎನ್ನುವುದನ್ನು ಬಿಟ್ಟು ಎಕ್ಸಿಬಿಷನ್ ಆಯಿತು ಎನ್ನುತ್ತಿದ್ದರು. ನಿಮ್ಮ ಪುಸ್ತಕದಲ್ಲಿ ಆ ಅರ್ಥ ಇರಲಿಕ್ಕಿಲ್ಲ.

ಸಣ್ಣಾಕೆಗೆ ಹತ್ತಲ್ಲ, ಇಪ್ಪತ್ತು ಬಡಿದು ಇಟ್ಟಿದ್ದೇನೆ. ಬೋರ್ಡು ಅವಳೇ ಬರೆದುಕೊಳ್ಳಲಿ.